ಕಡವೆಗೆ ಯಾವ ಗುಂಡು?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಡೆನ್ವರಿನಿಂದ ಗೆಳೆಯನೊಬ್ಬ ಫೋನು ಮಾಡಿದ. ಇಬ್ಬರೂ ಮುಧೋಳದವರು, ಸೇಡಂ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜು ಮುಗಿಸಿದವರು. ಮುಧೋಳ ಎಂದೊಡನೆ ಬೇಟೆನಾಯಿ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಮ್ಮದು ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನದು. ನಮ್ಮಲ್ಲಿ ನಾಯಿಗೆ ಹೆಸರಿಲ್ಲ, ತೊಗರಿಗೆ ಇದೆ.

ಕುಶಲ ಕೇಳಿ ಮುಗಿಯುವ ಮೊದಲೇ ಅವನು ವಿಷಯಕ್ಕೆ ಬಂದ. “ಇಲ್ಲಿ ಆಫೀಸಿನವ್ರು ವರ್ಷಾ ಅಕ್ಟೋಬರದಾಗ ಎಲ್ಕ್ ಬ್ಯಾಟಿಗಿ ಹೋಗ್ತಾರ. ಈ ಸಲ ನಂದೂ ಲೈಸೆನ್ಸ್ ಆಗ್ಯಾದ. ನೀ ಕಾಡಿನ ಪುಸ್ತಕ ಭಾಳ ಓದಾಂವ, ಹೇಳು ನೋಡಮ್, .270 ಚಲೋನೋ, .30-06 ಚಲೋನೋ?”

ಅವರ ಮನೆಯಲ್ಲಿ ಮೊಟ್ಟೆಯೂ ಹೊಸ್ತಿಲು ದಾಟುತ್ತಿರಲಿಲ್ಲ. ‘ಬ್ಯಾಟಿಗಿ ಹೋಗ್ಲೋ ಬ್ಯಾಡೋ’ ಎಂದು ಕೇಳಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಆ ಪ್ರಶ್ನೆಯನ್ನು ಅವನು ದಾಟಿ ಬಂದಿದ್ದ, ಅಥವಾ ಹಾರಿ ಬಂದಿದ್ದ. ಕೊಲ್ಲುವುದು ತೀರ್ಮಾನವಾದ ಮೇಲೆ ಗುಂಡಿನ ಅಳತೆಯನ್ನು ಇಷ್ಟು ಕಾಳಜಿಯಿಂದ ಕೇಳುವುದು ನನಗೆ ಅಸಹ್ಯವೆನಿಸಿತು. ಓದಿ ಹೇಳುತ್ತೇನೆ ಎಂದು ಫೋನು ಇಟ್ಟೆ. ನಾಲ್ಕಾರು ದಿನ ಆ ಪ್ರಶ್ನೆಯ ಹಿಂದೆ ಓಡಾಡಿದ ಮೇಲೆ ನನ್ನ ಸಿಟ್ಟೇ ಅಷ್ಟು ಪ್ರಾಮಾಣಿಕವಾದದ್ದಲ್ಲ ಅನ್ನಿಸತೊಡಗಿತು. ಅದಕ್ಕೆ ಕಾರಣ ನಮ್ಮೂರಿನ ಒಂದು ಹಂದಿ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಎಲ್ಕ್ ಎಂದರೆ ಉತ್ತರ ಅಮೆರಿಕದ ಒಂದು ದೊಡ್ಡ ಜಿಂಕೆ. ನಮ್ಮ ಕಡವೆಯ ಹತ್ತಿರದ ಬಳಗದ್ದು. ತಮಾಷೆಯೆಂದರೆ ದಕ್ಷಿಣ ಭಾರತದ ಬ್ರಿಟಿಷ್ ಶಿಕಾರಿಗಳು ಕಡವೆಯನ್ನೇ ಎಲ್ಕ್ ಎಂದು ಕರೆಯುತ್ತಿದ್ದರು. 1886ರ ಹಾಬ್ಸನ್-ಜಾಬ್ಸನ್ ನಿಘಂಟು ಈ ತಪ್ಪು ಬಳಕೆಯನ್ನು ದಾಖಲಿಸಿ ಮೂಗು ಮುರಿದಿದೆ. ಸಿಲೋನಿನಲ್ಲೂ ಅದೇ ರೂಢಿ. ಸ್ಯಾಮ್ಯುಯೆಲ್ ಬೇಕರ್ 1854ರಲ್ಲಿ ಪ್ರಕಟಿಸಿದ ಸಿಲೋನ್ ಬೇಟೆಯ ಪುಸ್ತಕದಲ್ಲಿ ನಾಯಿಗಳನ್ನು ಬಿಟ್ಟು ಅಟ್ಟಿಸಿ, ಹತ್ತಿರ ಹೋಗಿ ಚಾಕುವಿನಿಂದ ಇರಿದು ಕೊಂದ ‘ಎಲ್ಕ್’ಗಳೆಲ್ಲ ಕಡವೆಗಳೇ. ತೂಕದಲ್ಲೂ ಹೆಚ್ಚು ದೂರವಿಲ್ಲ: ಬಲಿತ ಗಂಡು ಕಡವೆ ಇನ್ನೂರರಿಂದ ಮುನ್ನೂರು ಕಿಲೋ, ಅಮೆರಿಕದ ಗಂಡು ಎಲ್ಕ್ ಮುನ್ನೂರಕ್ಕಿಂತ ಸ್ವಲ್ಪ ಮೇಲೆ. ಹಾಗಾಗಿ ಡೆನ್ವರಿನ ಗೆಳೆಯನ ಪ್ರಶ್ನೆಯನ್ನು ಕನ್ನಡಕ್ಕೆ ತಂದುಕೊಂಡರೆ, ಕಡವೆಗೆ ಯಾವ ಗುಂಡು ಎಂದಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳುವ ಹಾಗಿಲ್ಲದ ಪ್ರಶ್ನೆ ಇಲ್ಲವಾಗಿಬಿಡುತ್ತದೆ ಎಂದೇನೂ ಅಲ್ಲ.

.270 ಎಂದರೆ ಬಂದೂಕಿನ ನಳಿಗೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ. .30-06ರಲ್ಲಿ .30 ಅಗಲ, 06 ಎಂಬುದು ಅಮೆರಿಕದ ಸೈನ್ಯ ಆ ತೋಟಾವನ್ನು ಒಪ್ಪಿಕೊಂಡ ವರ್ಷ, 1906. ಎರಡೂ ಗುಂಡುಗಳ ಅಗಲದಲ್ಲಿ ಇರುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಇಷ್ಟರ ಮೇಲೆ ಅಮೆರಿಕದಲ್ಲಿ ಒಂದಿಡೀ ತಲೆಮಾರು ಜಗಳವಾಡಿದೆ. ಒಂದು ಕಡೆ ಜ್ಯಾಕ್ ಓಕಾನರ್ ಎಂಬ ಪತ್ರಿಕೆಯ ಬರಹಗಾರ: ಹಗುರ ಗುಂಡು, ಹೆಚ್ಚು ವೇಗ, ಸರಿಯಾದ ಜಾಗಕ್ಕೆ ಬಿದ್ದರೆ ಸಾಕು. ಅವನ ಪ್ರೀತಿಯ .270 ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ಇನ್ನೊಂದು ಕಡೆ ಐಡಾಹೋದ ಎಲ್ಮರ್ ಕೀತ್: ಮನುಷ್ಯನ ಕೈ ತಪ್ಪುತ್ತದೆ, ಗಾಳಿ ಬೀಸುತ್ತದೆ, ಪ್ರಾಣಿ ಹೊರಳುತ್ತದೆ, ಆಗಲೂ ಕೆಲಸ ಮುಗಿಸಬಲ್ಲ ಭಾರದ, ದಪ್ಪ ಗುಂಡೇ ಬೇಕು. ಇಬ್ಬರೂ ಬೆಟ್ಟ ಹತ್ತಿ ಇಳಿದವರು. ಒಬ್ಬರನ್ನೊಬ್ಬರು ಸಹಿಸುತ್ತಿರಲಿಲ್ಲ.

ಈ ಜಗಳವನ್ನು ಗಂಡಸರ ಆಟಿಕೆಯ ಹುಚ್ಚು ಎಂದು ತಳ್ಳಿಹಾಕಲು ನಾನು ಸಿದ್ಧನಾಗಿದ್ದೆ. ಅದರಲ್ಲಿ ಹುಚ್ಚಿನ ಪಾಲೂ ಇದೆ. ಆದರೆ ಓದುತ್ತ ಹೋದಂತೆ ಅದರ ಬುಡದಲ್ಲಿ ಕಾಣಿಸಿದ್ದು ಒಂದು ನೈತಿಕ ಪ್ರಶ್ನೆ. ಪ್ರಾಣಿ ಎಷ್ಟು ಹೊತ್ತಿನಲ್ಲಿ ಸಾಯುತ್ತದೆ? ಮುಂಗಾಲಿನ ಹಿಂದೆ, ಊಟದ ತಟ್ಟೆಯಷ್ಟು ಅಗಲದಲ್ಲಿ, ಶ್ವಾಸಕೋಶವೂ ಹೃದಯವೂ ಇವೆ. ಅಲ್ಲಿ ಬಿದ್ದರೆ ಪ್ರಾಣಿ ನಾಲ್ಕು ಮಾರು ಓಡಿ ಬೀಳಬಹುದು. ಒಂದು ಗೇಣು ಹಿಂದೆ ಸರಿದು ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳುತ್ತದೆ. ಓಕಾನರ್ ಹೇಳುತ್ತಿದ್ದದ್ದು: ಕೈ ಪಳಗಿಸಿಕೋ. ಕೀತ್ ಹೇಳುತ್ತಿದ್ದದ್ದು: ನಿನ್ನ ಕೈಯನ್ನು ನಂಬಬೇಡ. ಒಂದು ಅಭ್ಯಾಸದ ನೀತಿ, ಇನ್ನೊಂದು ವಿನಯದ ನೀತಿ. ಎರಡರಲ್ಲೂ ಪ್ರಾಣಿಯ ನೋವು ಲೆಕ್ಕಕ್ಕೆ ಬಂದಿದೆ.

ಕೀತನ ವಾದಕ್ಕೆ ಒಂದು ತೊಡಕುಂಟು. ದೊಡ್ಡ ಗುಂಡು ಹೆಗಲಿಗೆ ದೊಡ್ಡ ಒದೆ ಕೊಡುತ್ತದೆ. ಒದೆ ತಿಂದ ದೇಹ ಮುಂದಿನ ಸಲ ಕುದುರೆ ಎಳೆಯುವ ಕ್ಷಣಕ್ಕೆ ಮೊದಲೇ, ತನಗೆ ಅರಿವಿಲ್ಲದೆ, ಬೆಚ್ಚುತ್ತದೆ. ಬೆಚ್ಚಿದ ಕೈಯ ಗುಂಡು ಆ ತಟ್ಟೆಯಿಂದಾಚೆ ಬೀಳುತ್ತದೆ. ಹೀಗೆ ಹೆಚ್ಚು ಕರುಣೆಗೆಂದು ಆರಿಸಿಕೊಂಡ ಬಂದೂಕೇ ಹೆಚ್ಚು ನೋವಿಗೆ ಕಾರಣವಾಗಬಹುದು. ಇನ್ನೊಂದು ತುದಿಯಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಅವುಗಳಲ್ಲಿ ಬಹುಪಾಲನ್ನು ಬರೀ 7 ಮಿಲಿಮೀಟರಿನ ಬಂದೂಕಿನಿಂದ. ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆ ಎಂದು ಕಲಿತವನು ಅವನು. ನಮ್ಮ ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಶುರುಮಾಡಿದ ಸ್ಯಾಂಡರ್ಸನ್ ಅದೇ ಪ್ರಾಣಿಗೆ 4 ಬೋರಿನ ಬಂದೂಕು ಹಿಡಿದವನು. ಬೋರಿನ ಲೆಕ್ಕ ತಿರುಗುಮುರುಗು: ಒಂದು ಪೌಂಡು ಸೀಸದಲ್ಲಿ ಎಷ್ಟು ಗುಂಡು ಎರಕ ಹೊಯ್ಯಬಹುದು ಎಂಬುದೇ ಆ ಸಂಖ್ಯೆ. 12 ಬೋರೆಂದರೆ ಪೌಂಡಿಗೆ ಹನ್ನೆರಡು, 4 ಬೋರೆಂದರೆ ಪೌಂಡಿಗೆ ನಾಲ್ಕು, ಅಂದರೆ ಒಂದೊಂದೂ ನೂರ ಹದಿಮೂರು ಗ್ರಾಮಿನ ಉಂಡೆ. ಸೀಸದ ಲಡ್ಡು ಎನ್ನಿ.

ಈ ವಿಷಯದಲ್ಲಿ ಕಾನೂನುಗಳು ಏನು ಹೇಳುತ್ತವೆ ಎಂದು ನೋಡಿದಾಗ ನನಗೆ ನಿಜಕ್ಕೂ ಕುತೂಹಲ ಹುಟ್ಟಿತು. ಗೆಳೆಯನಿರುವ ಕೊಲರಾಡೊ ರಾಜ್ಯದಲ್ಲಿ ಎಲ್ಕಿಗೆ ಗುಂಡು ಹಾಕುವ ಬಂದೂಕು .24 ಇಂಚಿಗಿಂತ ಕಿರಿದಾಗಿರಕೂಡದು. ಗುಂಡಿನ ತೂಕ 85 ಗ್ರೇನಿಗೆ, ಅಂದರೆ ಸುಮಾರು ಐದೂವರೆ ಗ್ರಾಮಿಗೆ, ಕಡಿಮೆಯಿರಕೂಡದು. ಮೈಯೊಳಗೆ ಹೊಕ್ಕ ಮೇಲೆ ಅರಳಿ ಅಗಲವಾಗುವ ಗುಂಡೇ ಆಗಬೇಕು. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಕೆಲಸ ಮುಗಿಸಲು ತಕ್ಕ ಪ್ರಯತ್ನ ಮಾಡದಿದ್ದರೆ ಅದೂ ಅಪರಾಧ. ಇಷ್ಟಕ್ಕಿಂತ ಕೆಳಗೆ ಇಳಿಯಬೇಡ ಎಂಬ ಈ ಮಿತಿಯನ್ನು ಹಾಕಿರುವುದು ಪ್ರಾಣಿಯ ಪರವಾಗಿ.

ನಮ್ಮ ದೇಶದಲ್ಲೂ ಬಂದೂಕಿನ ಅಳತೆಗೆ ಮಿತಿಯಿದೆ. ಅದು ಇನ್ನೊಂದು ದಿಕ್ಕಿನದು. ಇಷ್ಟಕ್ಕಿಂತ ಮೇಲೆ ಹೋಗಬೇಡ ಎನ್ನುತ್ತದೆ, ಮತ್ತು ಅದಕ್ಕೆ ಪ್ರಾಣಿಯ ಗೊಡವೆಯೇ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ .450 ಅಳತೆಯ ಬಂದೂಕುಗಳನ್ನು ಭಾರತಕ್ಕೆ ತರುವುದನ್ನು ತಡೆಯಿತು. ಹಳೆಯ ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕುಗಳಿಗೆ ಆ ಗುಂಡು ಒದಗೀತು, ದಂಗೆಯೇಳುವವರ ಕೈಸೇರೀತು ಎಂಬ ಭಯ. ಲಂಡನ್ನಿನ ಬಂದೂಕು ಕಂಪನಿಗಳು ಅದನ್ನು ತಪ್ಪಿಸಲು .465, .470, .475 ಎಂದು ಕೂದಲೆಳೆಯಷ್ಟು ಬೇರೆಯಾದ ಅಳತೆಗಳನ್ನು ಮಾಡಿದವು. ಆನೆ ಬೇಟೆಯ ಹೆಸರಾಂತ ಬಂದೂಕುಗಳು ಹುಟ್ಟಿದ್ದು ಹೀಗೆ, ಗುಮಾಸ್ತರ ಭಯದಿಂದ. ಸೈನ್ಯದ .303 ಸಾಮಾನ್ಯ ಜನಕ್ಕೆ ಇಂದಿಗೂ ‘ನಿಷೇಧಿತ ಬೋರ್’. ಅದರ ಬದಲು ಇಷಾಪುರದ ಕಾರ್ಖಾನೆ .315ರ ಬಂದೂಕು ಮಾಡಿ ಮಾರುತ್ತ ಬಂದಿದೆ. ಬೆಳೆ ಕಾಯಲು ರೈತನಿಗೆ ಸಿಗುವುದು ಹೆಚ್ಚೆಂದರೆ ಒಂಟಿ ನಳಿಗೆಯ 12 ಬೋರು, ಇಲ್ಲವೇ ಬಾಯಿಂದ ಮದ್ದು ತುಂಬುವ ಹಳೆಯ ಕೋವಿ. ಚುನಾವಣೆ ಘೋಷಣೆಯಾದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗಳಿಗೆ ನೀತಿ ಸಂಹಿತೆಯಿಲ್ಲ ಎಂದು ಮಲೆನಾಡಿನ ಕಡೆಯವರು ನಗೆಯಾಡುತ್ತಾರೆ.

ಇದಕ್ಕಿಂತ ವಿಚಿತ್ರವಾದದ್ದು ಅರಳುವ ಗುಂಡಿನ ಕತೆ. 1890ರ ದಶಕದಲ್ಲಿ ಕಲ್ಕತ್ತೆಯ ಪಕ್ಕದ ಡಂ ಡಂ ಕಾರ್ಖಾನೆಯಲ್ಲಿ ಇಂಥ ಗುಂಡು ತಯಾರಾಗಿ ಅದೇ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದರ ಬಳಕೆಯನ್ನು ಕ್ರೂರವೆಂದು ನಿಷೇಧಿಸಿತು. ಮನುಷ್ಯನ ಮೈಯಲ್ಲಿ ಅರಳಬಾರದ ಗುಂಡು ಎಲ್ಕಿನ ಮೈಯಲ್ಲಿ ಅರಳಲೇಬೇಕು! ಇದು ಬರೀ ವಂಚನೆ ಎಂದು ಮೊದಲು ಅನ್ನಿಸುತ್ತದೆ. ಸ್ವಲ್ಪ ನಿಂತು ಯೋಚಿಸಿದರೆ ಹಾಗಲ್ಲ. ಯುದ್ಧದಲ್ಲಿ ಎದುರಾಳಿ ಕೆಳಗೆ ಬಿದ್ದರೆ ಸಾಕು. ಅವನನ್ನು ಎತ್ತಿಕೊಂಡು ಹೋಗುವ ಡೋಲಿಯಿದೆ, ವೈದ್ಯರಿದ್ದಾರೆ, ಅವನು ಬದುಕಲಿ ಎಂಬ ಆಸೆ ಕಾನೂನಿಗೂ ಇದೆ. ಕಾಡಿನಲ್ಲಿ ಗಾಯಗೊಂಡ ಪ್ರಾಣಿಗೆ ಆಸ್ಪತ್ರೆಯಿಲ್ಲ. ಮೈಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋದ ಗುಂಡು ಅದಕ್ಕೆ ಕೊಡುವುದು ನಿಧಾನದ ಸಾವು. ಹಾಗಾಗಿ ಒಬ್ಬನ ವಿಷಯದಲ್ಲಿ ಕ್ರೌರ್ಯವಾದದ್ದೇ ಇನ್ನೊಬ್ಬನ ವಿಷಯದಲ್ಲಿ ಕರುಣೆ. ವ್ಯತ್ಯಾಸ ಗುಂಡಿನಲ್ಲಿಲ್ಲ, ಬಿದ್ದವನ ಬಳಿಗೆ ಆಮೇಲೆ ಯಾರು ಬರುತ್ತಾರೆ ಎಂಬುದರಲ್ಲಿದೆ.

ಈಗ ಆ ಹಂದಿ.

ನಾನು ಪಿಯುಸಿ ಓದುತ್ತಿದ್ದ ವರ್ಷ. ತೊಗರಿ ಕಾಯಿ ಬಲಿತು ರಾಶಿಗೆ ಹದಿನೈದು ದಿನ ಬಾಕಿ. ಹಂದಿಗಳ ಹಿಂಡು ರಾತ್ರಿ ಹೊಲಕ್ಕೆ ಬಿದ್ದರೆ ತಿನ್ನುವುದಕ್ಕಿಂತ ಮುರಿದು ಕೆಡವುವುದೇ ಹೆಚ್ಚು. ಒಂದು ಬೆಳಿಗ್ಗೆ ಕಾಕಾನ ಹೊಲದ ಬದುವಿನಲ್ಲಿ ಜನ ಸೇರಿದ್ದಾರೆ ಎಂದು ಓಡಿದೆ. ಜಾಲಿ ಗಿಡದ ಬುಡಕ್ಕೆ ಕಟ್ಟಿದ್ದ ಉರುಳಿನಲ್ಲಿ ಒಂದು ಹೆಣ್ಣು ಹಂದಿ ಸಿಕ್ಕಿಕೊಂಡಿತ್ತು. ಬೈಕಿನ ಕ್ಲಚ್ ವೈರಿನ ಉರುಳು. ಕುತ್ತಿಗೆಗೆ ಬೀಳಬೇಕಾದದ್ದು ಹೊಟ್ಟೆಗೆ ಬಿದ್ದಿತ್ತು. ರಾತ್ರಿಯೆಲ್ಲ ಗಿಡದ ಸುತ್ತ ತಿರುಗಿ ತಿರುಗಿ, ತಂತಿ ಚರ್ಮವನ್ನು ಕೊಯ್ದು ಒಳಗಿಳಿದಿತ್ತು. ಸುತ್ತಲಿನ ಕರಿಮಣ್ಣು ಉತ್ತ ಹಾಗಾಗಿತ್ತು.

ಹದಿನೈದಿಪ್ಪತ್ತು ಗಂಡಸರು ನಿಂತಿದ್ದರು. ಉರುಳು ಹಾಕಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನಲಿಲ್ಲ. “ಜೀವ ಹೋಗವಲ್ದು ನೋಡ್ರಿ” ಎಂದ ಒಬ್ಬ. “ಯಾರರೆ ಒಂದು ಕೊಡ್ಲಿ ಏಟು ಹಾಕ್ರಿ” ಎಂದ ಇನ್ನೊಬ್ಬ, ತಾನು ಹೆಜ್ಜೆ ಹಿಂದಿಟ್ಟು. ಕಾಕಾ ತಲೆಯ ಟವೆಲು ತೆಗೆದು ಮುಖ ಒರೆಸಿಕೊಂಡು ಹೇಳಿದ: “ನಮ್ಮ ಕೈಲೆ ಬ್ಯಾಡಪಾ. ನಮಗ್ಯಾಕ ಆ ಪಾಪ?” ಇಲಾಖೆಯವರಿಗೆ ತಿಳಿಸೋಣ ಎಂದವರೂ ಇದ್ದರು, ತಿಳಿಸಿದರೆ ಉರುಳು ಯಾರದೆಂಬ ಪ್ರಶ್ನೆ ಬರುತ್ತದೆಂದು ಆ ಮಾತು ಅಲ್ಲೇ ನಿಂತಿತು. ಹಂದಿ ಸಾಯುವಾಗ ಮಧ್ಯಾಹ್ನ ಮೂರು ದಾಟಿತ್ತು. ಅಷ್ಟು ಹೊತ್ತು ಜನ ಬರುತ್ತ ಹೋಗುತ್ತ ಇದ್ದರು. ನಾನು ಊಟಕ್ಕೆ ಹೋಗಿ ಮತ್ತೆ ಬಂದೆ. ಊಟ ಮಾಡಿದೆ ಎಂಬುದನ್ನೂ ಬರೆಯಬೇಕು.

ಆ ದಿನ ಅಲ್ಲಿದ್ದವರಲ್ಲಿ ಯಾರೂ ಕ್ರೂರಿಗಳಾಗಿರಲಿಲ್ಲ. ಸಾಲದ ಹೊರೆ ಹೊತ್ತು ವರ್ಷಕ್ಕೊಂದೇ ಬೆಳೆ ತೆಗೆಯುವವರು. ಬಂದೂಕಿನ ಲೈಸೆನ್ಸಿಗೆ ಅಲೆಯುವ ತಾಕತ್ತಿಲ್ಲದವರಿಗೆ ಅರವತ್ತೆಪ್ಪತ್ತು ರೂಪಾಯಿಯ ತಂತಿಯೇ ಆಯುಧ. ಕಡವೆಗೆ ಯಾವ ಗುಂಡು ಎಂದು ಆರಿಸುವುದಕ್ಕೂ ಸ್ವಲ್ಪ ಅನುಕೂಲಸ್ಥನಾಗಿರಬೇಕಾಗುತ್ತದೆ. ಉರುಳು, ಕದ್ದು ಎಳೆದ ಕರೆಂಟಿನ ತಂತಿ, ಹಣ್ಣಿನೊಳಗೆ ತುಂಬಿದ ಸಿಡಿಮದ್ದು, ಇವೆಲ್ಲ ಆಯ್ಕೆಯಿಲ್ಲದವರ ಆಯುಧಗಳು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಸಿರಿ ಆನೆಯೊಂದು ಬಾಯಿ ಸಿಡಿದು, ನೋವು ತಾಳದೆ ಹೊಳೆಯ ನೀರಿನಲ್ಲಿ ನಿಂತೇ ಸತ್ತದ್ದು ಓದುಗರಿಗೆ ನೆನಪಿರಬಹುದು. ಇಂಥ ಆಯುಧಗಳ ಒಂದು ಗುಣವೆಂದರೆ ಅವು ಕೊಲ್ಲುವಾಗ ಇಟ್ಟವನು ಅಲ್ಲಿರುವುದಿಲ್ಲ. ಅವನು ಮನೆಯಲ್ಲಿ ಮಲಗಿರುತ್ತಾನೆ. ಕುದುರೆ ಎಳೆದವನಿಗೆ ತಾನೇ ಎಳೆದೆ ಎಂಬುದಾದರೂ ಗೊತ್ತಿರುತ್ತದೆ.

ಆದರೆ ಬಡತನ ಉರುಳನ್ನು ವಿವರಿಸುತ್ತದೆ, ಆಮೇಲಿನ ಆರು ಗಂಟೆಗಳನ್ನು ವಿವರಿಸುವುದಿಲ್ಲ. ಕೊಡಲಿ ಅಲ್ಲೇ ಇತ್ತು. ನಮ್ಮನ್ನು ತಡೆದದ್ದು ಕಾನೂನಿನ ಭಯ ಅರ್ಧ. ಇನ್ನರ್ಧ ‘ನಮ್ಮ ಕೈಲೆ ಬ್ಯಾಡ’ ಎಂಬ ಮಾತು. ಗುಣವಾಗದಷ್ಟು ಗಾಯಗೊಂಡ ಪ್ರಾಣಿಗೆ ಸಾವು ಕೊಡಲು ಅನುಮತಿಸುವ ಅಧಿಕಾರ ವನ್ಯಜೀವಿ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಧಿಕಾರಿಗಳಿಗೆ ಇದೆ ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದಿದ್ದರೂ ಆ ದಿನ ಏನಾದರೂ ಬೇರೆಯಾಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಈ ‘ನಮ್ಮ ಕೈಲೆ ಬ್ಯಾಡ’ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಆಳವಾದ ಬೇರುಗಳಿವೆ. ಮಳಖೇಡ ನಮ್ಮ ತಾಲ್ಲೂಕಿನದೇ. ಕಾಗಿಣಾ ನದಿಯ ದಂಡೆಯ ಆ ಹಾಳುಕೋಟೆ ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಅಲ್ಲಿ ಕೂತು ಅಪಭ್ರಂಶದಲ್ಲಿ ಯಶೋಧರನ ಕತೆಯನ್ನು ಬರೆದ. ಅದೇ ಕತೆಯನ್ನು 1209ರಲ್ಲಿ ಜನ್ನ ಕನ್ನಡಕ್ಕೆ ತಂದ. ಪಠ್ಯದಲ್ಲಿ ಓದಿದವರಿಗೆ ಗೊತ್ತು: ತಾಯಿಯ ಒತ್ತಾಯಕ್ಕೆ ಯಶೋಧರ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಒಬ್ಬರ ಕೈಯಲ್ಲೊಬ್ಬರು ನವೆಯುತ್ತಾರೆ. ಹಿಟ್ಟಿಗೆ ನೋವಿಲ್ಲ. ಆದರೂ ಕೊಲ್ಲುವ ಸಂಕಲ್ಪವೇ ಹಿಂಸೆ. ಡೆನ್ವರಿನ ಗೆಳೆಯ ಇಡೀ ಚರ್ಚೆಯಿಂದ ಬಿಟ್ಟದ್ದು ಇದನ್ನೇ.

ಆ ಕತೆಯಲ್ಲಿ ಇನ್ನೊಂದು ಸನ್ನಿವೇಶವಿದೆ, ಅದರ ಬಗ್ಗೆ ತರಗತಿಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಯಶೋಧರನ ಮಗ ಯಶೋಮತಿ ಈಗ ರಾಜ. ರಾಣಿಯ ಮುಂದೆ ತನ್ನ ಬಿಲ್ವಿದ್ಯೆ ತೋರಿಸಲು, ಕೋಳಿಗಳು ಕೂಗಿದ ಸದ್ದನ್ನೇ ಗುರಿಯಾಗಿಟ್ಟು ಬಾಣ ಬಿಡುತ್ತಾನೆ. ಶಬ್ದವೇಧಿ. ಎರಡು ಕೋಳಿಗಳು ಸಾಯುತ್ತವೆ. ಗುರಿ ತಪ್ಪಲಿಲ್ಲ, ನರಳಾಟವಿಲ್ಲ, ಓಕಾನರ್ ಮೆಚ್ಚುವಂಥ ಹೊಡೆತ. ಆ ಕೋಳಿಗಳು ಅವನ ತಂದೆ ಮತ್ತು ಅಜ್ಜಿ. ಒಳ್ಳೆಯ ಗುರಿಯಿಂದ ಕೊಲೆಯ ಸ್ವರೂಪ ಬದಲಾಗುವುದಿಲ್ಲ ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕತೆಯನ್ನು ನಾನು ಓದಿಲ್ಲ.

ಹಾಗೆಂದು ಜೈನರು ಲೋಕ ತಿಳಿಯದವರಲ್ಲ. ಗೃಹಸ್ಥನಿಗೆ ಹಿಂಸೆಯಲ್ಲಿ ನಾಲ್ಕು ಬಗೆ ಹೇಳುತ್ತಾರೆ. ಬೇಕೆಂದೇ ಮಾಡುವುದು ಸಂಕಲ್ಪಿ. ಮನೆಗೆಲಸದಲ್ಲಿ ಆಗುವುದು ಆರಂಭಿ, ಬೇಸಾಯದಂಥ ವೃತ್ತಿಯಲ್ಲಿ ಆಗುವುದು ಉದ್ಯೋಗಿ, ತನ್ನನ್ನೂ ತನ್ನದನ್ನೂ ಕಾಪಾಡಿಕೊಳ್ಳಲು ಮಾಡುವುದು ವಿರೋಧಿ. ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಕುಗ್ಗಿಸಿಕೊಳ್ಳುತ್ತ ಹೋಗಬೇಕು. ಈ ಲೆಕ್ಕದಲ್ಲಿ ಗೆಳೆಯನ ಎಲ್ಕ್ ಬೇಟೆ ಸಂಕಲ್ಪಿ, ಕಾಕಾನ ಹೊಲ ಕಾಯುವುದು ವಿರೋಧಿ. ಕಾಕಾ ಹಗುರ, ಗೆಳೆಯ ಭಾರ. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಆದರೆ ಜಾಲಿ ಗಿಡದ ಬುಡದಲ್ಲಿದ್ದ ಹಂದಿಗೆ ಈ ಲೆಕ್ಕದಿಂದ ಏನು ಸಿಕ್ಕಿತು? ಅದರ ಕಡೆಯಿಂದ ನೋಡಿದರೆ ‘ವಿರೋಧಿ’ ಹಿಂಸೆಯಿಂದ ಹದಿನಾರು ಗಂಟೆ ಸಾಯುವುದಕ್ಕಿಂತ ‘ಸಂಕಲ್ಪಿ’ ಹಿಂಸೆಯಿಂದ ಒಂದು ನಿಮಿಷದಲ್ಲಿ ಸಾಯುವುದು ಮೇಲು.

ಎರಡು ಪ್ರಶ್ನೆಗಳನ್ನು ನಾವು ಒಂದರ ಬದಲು ಒಂದನ್ನಿಟ್ಟು ಆಡುತ್ತೇವೆ ಎಂದು ನನಗೆ ತೋರುತ್ತದೆ. ಕೊಲ್ಲಬೇಕೇ ಎಂಬುದು ಒಂದು, ಹೇಗೆ ಕೊಲ್ಲಬೇಕು ಎಂಬುದು ಇನ್ನೊಂದು. ಗೆಳೆಯ ಎರಡನೆಯದಕ್ಕೆ ಚೆನ್ನಾಗಿ ಉತ್ತರಿಸಿಕೊಂಡರೆ ಮೊದಲನೆಯದು ತೀರಿತೆಂದುಕೊಂಡ. ನಾವು ಮುಧೋಳದವರು ಮೊದಲನೆಯದಕ್ಕೆ ‘ಪಾಪ’ ಎಂದು ಉತ್ತರಿಸಿಬಿಟ್ಟದ್ದರಿಂದ ಎರಡನೆಯದು ನಮ್ಮದಲ್ಲ ಎಂದುಕೊಂಡೆವು. ಬೇಡವೆಂದು ನಂಬುವವನ ಹೊಲದಲ್ಲೂ ಪ್ರಾಣಿ ಸಾಯುತ್ತದೆ. ಆಗ ಅದು ಹೇಗೆ ಸಾಯುತ್ತದೆ ಎಂಬುದಕ್ಕೆ ಅವನೂ ಬಾಧ್ಯ. ಇಬ್ಬರಲ್ಲಿ ಯಾರು ಹೆಚ್ಚು ತಪ್ಪಿದರು ಎಂದು ಕೇಳಿದರೆ, ಗೆಳೆಯನ ತಪ್ಪು ದೊಡ್ಡದು, ನಮ್ಮ ತಪ್ಪು ಕೊಳಕು, ಎನ್ನುತ್ತೇನೆ.

ಎರಡನ್ನೂ ಒಟ್ಟಿಗೆ ಹೊತ್ತವರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದರೆ ನನಗೆ ಸಿಗುವುದು ಹಳೆಯ ಪುಸ್ತಕಗಳ ಒಂದು ನಿಯಮ: ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಮನೆಗೆ ಬರಬಾರದು. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕತೆಗಳನ್ನು ಓದದ ಕನ್ನಡದ ಹುಡುಗರು ಕಡಿಮೆ. ಬೆಂಗಳೂರಿನ ಆಂಡರ್ಸನ್ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್, 300 ಗ್ರೇನಿನ ಗುಂಡಿನದು, ಗೆಳೆಯ ಕೇಳಿದ ಎರಡಕ್ಕಿಂತಲೂ ದಪ್ಪ. ಚಿಕ್ಕಂದಿನಲ್ಲಿ ನಮಗೆ ಆ ಸಂಖ್ಯೆಯೇ ಮಂತ್ರವಾಗಿತ್ತು. ಈಗ ಓದಿದಾಗ ಕಣ್ಣಿಗೆ ಬೀಳುವುದು ಬೇರೆ: ಎಷ್ಟೋ ನರಭಕ್ಷಕಗಳ ಕತೆ ಯಾರೋ ಹಾರಿಸಿ ಬಿಟ್ಟುಹೋದ ಗುಂಡಿನಿಂದ, ಮಾಗದ ಗಾಯದಿಂದ ಶುರುವಾಗುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತ್ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಹಿಡಿಯಲಾಗದ್ದರಿಂದ ಅದು ಮನುಷ್ಯರ ಮೇಲೆ ಬಿತ್ತು ಎಂಬುದು ಅವನ ಮಾತು. ಯಾರೋ ಹಿಂಬಾಲಿಸಿ ಹೋಗದೆ ಬಿಟ್ಟ ಒಂದು ಹೊಡೆತದ ಬೆಲೆಯನ್ನು ನೂರಾರು ಜನ ತೆತ್ತರು. ರಕ್ತದ ಜಾಡು ಹಿಡಿದು ಪೊದೆಯೊಳಗೆ ಹೋಗುವುದು ಬೇಟೆಯಲ್ಲಿ ಅತ್ಯಂತ ಅಪಾಯದ, ಅತ್ಯಂತ ಬೇಸರದ ಕೆಲಸ. ಗೋಡೆಯ ಮೇಲಿನ ಕೊಂಬಿನಲ್ಲಿ ಅದು ಕಾಣುವುದಿಲ್ಲ.

ಕೊನೆಗೆ ಗೆಳೆಯನಿಗೆ ಫೋನು ಮಾಡಿದೆ. ಎರಡರಲ್ಲಿ ಯಾವುದೂ ಎಲ್ಕಿಗೆ ಸಾಕು, ಬಂದೂಕಿನ ಶಕ್ತಿ ಕೊರತೆಯಾಗುವುದಿಲ್ಲ ಎಂದೆ. ಹೆಗಲಿಗೆ ಒದೆ ಕಡಿಮೆಯಾದ್ದರಿಂದ ಹೊಸಬನಿಗೆ .270 ವಾಸಿ, ಅಕ್ಟೋಬರಿನ ತನಕ ವಾರಕ್ಕೆರಡು ಸಲ ಅಭ್ಯಾಸ ಮಾಡು, ತಟ್ಟೆಯಷ್ಟು ಜಾಗಕ್ಕೆ ಹತ್ತಕ್ಕೆ ಹತ್ತು ಬೀಳುವ ದೂರ ಎಷ್ಟೋ ಅದರಾಚೆ ಹೊಡೆಯಬೇಡ. ಹೊಡೆದ ಮೇಲೆ ಸಿಗದಿದ್ದರೆ ರಾತ್ರಿಯಾದರೂ, ಹಿಮ ಬಿದ್ದರೂ ಹುಡುಕಬೇಕು, ಅದಕ್ಕೆ ಎರಡು ದಿನ ರಜೆ ಹೆಚ್ಚು ಹಾಕಿಕೋ ಎಂದೆ. ಇಷ್ಟೆಲ್ಲ ಹೇಳಿ, ಹೋಗದಿದ್ದರೆ ನನಗೆ ಹೆಚ್ಚು ಸಂತೋಷ ಎಂದೂ ಸೇರಿಸಿದೆ. ಆಮೇಲೆ ಹಂದಿಯ ಕತೆ ಹೇಳಿದೆ. ಅವನಿಗೆ ಅದು ಗೊತ್ತಿರಲಿಲ್ಲ, ಆಗ ಅವನು ಕಲಬುರಗಿಯ ಹಾಸ್ಟೆಲಿನಲ್ಲಿದ್ದ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅವತ್ತ ನಿನ್ನ ಕೈಯಾಗ ಬಂದೂಕ ಇದ್ದಿದ್ರ ಹೊಡೀತಿದ್ಯೇನಲೇ?”

“ಹೊಡೀತಿದ್ದೆ” ಎಂದೆ.

“ಕೊಡ್ಲಿ ಇತ್ತಲ್ಲ” ಎಂದ ಅವನು.

ಅವನು .270 ಕೊಂಡ. ಅಕ್ಟೋಬರಿನಲ್ಲಿ ಐದು ದಿನ ಬೆಟ್ಟದಲ್ಲಿದ್ದು ಬಂದ. ಹೆಜ್ಜೆ ಕಂಡವಂತೆ, ಎಲ್ಕ್ ಒಂದೂ ಕಾಣಲಿಲ್ಲವಂತೆ. ಈ ವರ್ಷವೂ ಅರ್ಜಿ ಹಾಕಿದ್ದಾನೆ. ಕಾಕಾ ಹೊಲದ ಅರ್ಧಕ್ಕೆ ಸೋಲಾರ್ ಬೇಲಿ ಹಾಕಿಸಿದ್ದಾನೆ. ಇನ್ನರ್ಧಕ್ಕೆ ಮುಂದಿನ ರಾಶಿಯಾದ ಮೇಲೆ ನೋಡೋಣ ಎನ್ನುತ್ತಾನೆ. ಆ ಅರ್ಧದಲ್ಲಿ ಈಗ ಏನು ಕಟ್ಟುತ್ತಾರೆಂದು ನಾನು ಕೇಳಿಲ್ಲ.